ಧಕ್ಕೆಯ ಮಾರ್ದನಿ

ಗ್ರೆಗರಿ ತಾವ್ರೊ ಮೊದಲ ಸಲ ಒಬ್ಬ ಮನುಷ್ಯನನ್ನು ಬರೀ ಸದ್ದಿನಿಂದ ನೆಲಕ್ಕೆ ಕೆಡವಿದ್ದು ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲಕ್ಕೆ. ಆ ಮನುಷ್ಯ ಪಡುಬಂದರಿನಲ್ಲಿ ಬೋಟುಗಳು ಮೀನಿಳಿಸುವ ಧಕ್ಕೆಯ ಗೇಟಿನೆದುರು ನೀಲಿ ಬನಿಯನ್ ತೊಟ್ಟು, ಕೈಯಲ್ಲಿ ಕಲ್ಲೆತ್ತಿ ನಿಂತಿದ್ದ. ಗ್ರೆಗರಿ ಅಲ್ಲಿಂದ ಕಾಲು ಕಿಲೋಮೀಟರ್ ದೂರದಲ್ಲಿ, ಎ.ಸಿ. ಹಾಕಿದ ಕಂಟೇನರಿನೊಳಗೆ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಎದುರಿನ ಪರದೆಯ ಮೇಲೆ ಗೇಟಿನ ಕ್ಯಾಮೆರಾದ ಚಿತ್ರ, ಅದರ ಕೆಳಗೆ ನಾಲ್ಕು ಚೌಕಗಳಿದ್ದವು. ಒಂದೊಂದನ್ನೇ ಮುಟ್ಟಿ ಕೇಳಿದ. ಮೊದಲನೆಯದು ತೀರಾ ಚೂಪು. ಮೂರನೆಯದರಲ್ಲಿ ತಗ್ಗಿನ ಸ್ವರ ಗುಮ್ಮೆನ್ನುತ್ತಿತ್ತು. ನಾಲ್ಕನೆಯದು ಖಾಲಿ ಡಬ್ಬ ಬಡಿದ ಹಾಗಿತ್ತು. ಎರಡನೆಯದನ್ನು ಒತ್ತಿದ.

ನೀಲಿ ಬನಿಯನ್ನಿನವನು ಹೊಟ್ಟೆಗೆ ಒದೆ ತಿಂದವನಂತೆ ಮಡಚಿಕೊಂಡ. ಕಲ್ಲು ಅವನ ಪಾದದ ಮೇಲೆಯೇ ಬಿತ್ತು. ಮಂಡಿಯೂರಿ ವಾಂತಿ ಮಾಡಿಕೊಂಡು, ಆಮೇಲೆ ಅದರ ಮೇಲೆಯೇ ಮಗುಚಿಬಿದ್ದ. ಅವನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವನಿಗೆ ಏನೂ ಆಗಿರಲಿಲ್ಲ. ಗೆಳೆಯನಿಗೆ ಏನಾಯಿತೆಂದು ಅವನು ಸುತ್ತ ನೋಡುತ್ತಿದ್ದ.

"ನೋಡಿದ್ರಾ ತಾವ್ರೊ ಅವ್ರೇ," ಎಂದ ಹಿಂದೆ ನಿಂತಿದ್ದ ಅರಸ್. "ಲಾಠಿ ಇಲ್ಲ, ಗುಂಡಿಲ್ಲ. ಹತ್ತು ನಿಮಿಷಕ್ಕೆ ಎದ್ದು ಮನೆಗೆ ಹೋಗ್ತಾನೆ."

ವಿಶ್ವಜಿತ್ ಅರಸ್ ಶಾಂತಿಧ್ವನಿ ಎಂಬ ಕಂಪನಿಯ ಸ್ಥಳೀಯ ಮುಖ್ಯಸ್ಥ. ಮೈಸೂರಿನ ಕಡೆಯವನು, ಮೆತ್ತಗೆ ಮಾತಾಡುವವನು. ಹಳೆಯ ಧಕ್ಕೆಯನ್ನು ಮುಚ್ಚಿ ಅಲ್ಲಿ ಹಡಗುಕಟ್ಟೆ ಕಟ್ಟಲು ಹೊರಟವರು ಈ ಕಂಪನಿಯನ್ನು ಕಾವಲಿಗೆ ಕರೆಸಿದ್ದರು. ಧಕ್ಕೆ ಬಿಡುವುದಿಲ್ಲವೆಂದು ಬೋಟಿನವರು, ಮೀನು ಮಾರುವ ಹೆಂಗಸರು ಗೇಟಿನೆದುರು ಕೂತು ಅಂದಿಗೆ ಹನ್ನೊಂದು ದಿನವಾಗಿತ್ತು.

ಗ್ರೆಗರಿಗೆ ಆ ಕೆಲಸ ಸಿಕ್ಕಿದ್ದು ಅವನ ಕಿವಿಯಿಂದ. ಹದಿನೆಂಟು ವರ್ಷ ಅವನು ಬ್ಯಾಂಡಿನಲ್ಲಿ ಇಲೆಕ್ಟ್ರಿಕ್ ಗಿಟಾರ್ ನುಡಿಸಿದ್ದ. ಇಗರ್ಜಿಯ ಹಬ್ಬ, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ, ಕಾಲೇಜು ವಾರ್ಷಿಕೋತ್ಸವ ಒಂದನ್ನೂ ಬಿಟ್ಟಿರಲಿಲ್ಲ. ಎಡಗೈಯ ನರ ಸೋತ ಮೇಲೆ ಬೇರೆ ಗಿಟಾರಿನವರಿಗೆ ದನಿ ಆರಿಸಿಕೊಡುವುದೇ ಕಸುಬಾಯಿತು. ಇಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಸೊಳ್ಳೆಯ ಹಾಗೆ ಕೊರೆಯುತ್ತದೆ. ಅದಕ್ಕೆ ಮೈ ಕೊಡುವುದು ಸ್ಪೀಕರ್ ಕೂತಿರುವ ಮರದ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಆ ಪೆಟ್ಟಿಗೆಗೆ 'ಟಿಕ್' ಎಂಬ ಒಂದೇ ಒಂದು ಸದ್ದು ಕಳಿಸಿ, ಅದು ಕೊಡುವ ಮರುದನಿಯನ್ನು ಮೈಕಿನಲ್ಲಿ ಹಿಡಿದಿಟ್ಟುಕೊಳ್ಳಬಹುದು. ಅದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ, ಚಿಕ್ಕದಾಗಿ ಐಆರ್. ಆಮೇಲೆ ಪೆಟ್ಟಿಗೆ ಬೇಕಿಲ್ಲ. ಆ ಐಆರ್ ಮೂಲಕ ಹಾಯಿಸಿದರೆ ಸೊಳ್ಳೆಯ ಸದ್ದು ಗುಡುಗಾಗುತ್ತದೆ. ಗ್ರೆಗರಿಯ ಬಳಿ ಅಂಥವು ಸಾವಿರಾರು ಇದ್ದವು. ಮೈಕನ್ನು ಎರಡು ಬೆರಳಷ್ಟು ಸರಿಸಿ ಹಿಡಿದ ಎರಡು ಐಆರ್‌ಗಳ ವ್ಯತ್ಯಾಸ ಕಂಪ್ಯೂಟರಿಗೆ ತಿಳಿಯದಿದ್ದರೂ ಅವನಿಗೆ ತಿಳಿಯುತ್ತಿತ್ತು.

ಶಾಂತಿಧ್ವನಿಯವರು ಇಡೀ ಧಕ್ಕೆ ರಸ್ತೆಯನ್ನೇ ಒಂದು ಕ್ಯಾಬಿನೆಟ್ ಮಾಡಿದ್ದರು. ದೀಪದ ಕಂಬಗಳಿಗೆ ನಲವತ್ತೆಂಟು ಸ್ಪೀಕರ್ ಪೆಟ್ಟಿಗೆ ಕಟ್ಟಿ, ಜನ ಏಳುವ ಮೊದಲೇ ರಸ್ತೆಯ ಪ್ರತಿ ಮೊಳ ಜಾಗದಲ್ಲಿ ಮೈಕಿಟ್ಟು, ಪ್ರತಿ ಪೆಟ್ಟಿಗೆಯಿಂದ 'ಟಿಕ್' ಕಳಿಸಿ ಐಆರ್ ಹಿಡಿದಿದ್ದರು. ಗೋಡೆ, ಗೋದಾಮು, ನಿಂತ ಲಾರಿ, ಎಲ್ಲದರ ಮಾರ್ದನಿಯೂ ಅದರಲ್ಲಿತ್ತು. ಆ ಐಆರ್ ಅನ್ನು ಹಿಂದುಮುಂದಾಗಿಸಿ ಪೆಟ್ಟಿಗೆಗಳಿಂದ ಹೊರಡಿಸಿದರೆ, ಬೇರೆ ಬೇರೆ ದಾರಿಯಲ್ಲಿ ಬಡಿದು ಬಂದ ಸದ್ದುಗಳೆಲ್ಲ ಒಂದೇ ಕ್ಷಣಕ್ಕೆ ಒಂದೇ ಮೊಳ ಜಾಗದಲ್ಲಿ ಬಂದು ಸೇರುತ್ತಿದ್ದವು. ಅಲ್ಲಿ ನಿಂತವನಿಗೆ ಮಾತ್ರ ಅದು ಏಟು, ಪಕ್ಕದವನಿಗೆ ಬರೀ ಗುಂಯ್ ಎಂಬ ಸದ್ದು. ಆದರೆ ಬಿಸಿಲೇರಿದರೆ, ಲಾರಿ ಕದಲಿದರೆ ರಸ್ತೆಯ ದನಿ ಬದಲಾಗುತ್ತಿತ್ತು. ಕಂಪ್ಯೂಟರ್ ನಾಲ್ಕು ಐಆರ್ ಮುಂದಿಡುತ್ತಿತ್ತು. ಆ ಹೊತ್ತಿಗೆ ಸರಿಯಾದದ್ದು ಯಾವುದೆಂದು ಆರಿಸಲು ಒಂದು ಕಿವಿ ಬೇಕಿತ್ತು.

"ಒಬ್ಬೊಬ್ಬರಿಗೇ ಕೇಳುವ ಹಾಗೆ ಅನೌನ್ಸ್‌ಮೆಂಟ್ ಮಾಡೋದಕ್ಕೆ" ಎಂದು ಅರಸ್ ಮೊದಲು ಹೇಳಿದ್ದ. ಗ್ರೆಗರಿ ನಂಬಿದ್ದ. ನೀಲಿ ಬನಿಯನ್ನಿನವನು ಬಿದ್ದ ಕ್ಷಣದಲ್ಲಿ ಅವನ ಮೊದಲ ಯೋಚನೆ ತನ್ನ ಆಯ್ಕೆ ಎಷ್ಟು ಕರಾರುವಾಕ್ಕಾಗಿತ್ತು ಎಂಬುದೇ. ಅದು ಹೊಳೆದ ಮೇಲೆ ಅವನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಅವನ ಹೆಂಡತಿ ಸೆವ್ರಿನ್ ಊರಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವಾರ್ಡಿನ ನರ್ಸು. ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಇವತ್ತು ಮೂರು ಜನ ಬಂದಿದ್ರು," ಎಂದಳು. "ಎಲ್ಲ ಧಕ್ಕೆಯವ್ರೇ. ಒಬ್ಬ ಬೋಟಿನ ಮೆಕ್ಯಾನಿಕ್ಕು, ಹಮೀದ್ ಅಂತ. ಎರಡೂ ಕಿವಿಯಿಂದ ರಕ್ತ ಕುತ್ತಿಗೆ ತನಕ ಇಳಿದಿತ್ತು. ಡಾಕ್ಟರು ಬಗ್ಗಿ ನೋಡಿದ್ರೆ ಪರದೆಯೇ ಇಲ್ಲ ಮಾರಾಯ, ಹರಿದು ಚಿಂದಿ. ನಿಂತ್ರೆ ಬೀಳ್ತಾನೆ, ಗೋಡೆ ಹಿಡ್ಕೊಂಡು ನಡೀತಾನೆ. ಅವನ ಪಕ್ಕ ಕೂತಿದ್ದ ಅಣ್ಣನಿಗೆ ಒಂದು ತಲೆನೋವೂ ಇಲ್ಲ."

ಗ್ರೆಗರಿ ಗ್ಯಾಸಿನ ಮೇಲಿದ್ದ ಚಹಾ ನೋಡುತ್ತಿದ್ದ.

"ಆ ಕಂಬದ ಸ್ಪೀಕರಿನದ್ದು ಅಂತ ಹೇಳ್ತಾರೆ ಅವ್ರೆಲ್ಲ. ನೀನು ಅಲ್ಲೇ ಅಲ್ವಾ ಇರುದು?"

"ಅದು ಅನೌನ್ಸ್‌ಮೆಂಟಿಗೆ," ಎಂದ ಗ್ರೆಗರಿ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಹಮೀದನನ್ನು ಅವನು ಅಂದೇ ಮಧ್ಯಾಹ್ನ ಹನ್ನೆರಡೂವರೆಗೆ, ನಾಲ್ಕನೆಯ ಚೌಕ ಒತ್ತಿ ಕೆಡವಿದ್ದ. ಏಟು ಎಷ್ಟು ಜೋರಾಗಿರಬೇಕೆಂದು ತಿರುವುವ ಗುಂಡಿ ಅರಸನ ಮೇಜಿನ ಮೇಲಿತ್ತು. ಗ್ರೆಗರಿಗೆ ಅದು ಕಾಣುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅವನು ಕಂಟೇನರಿಗೆ ಹೋಗಿ ಕೂರಲಿಲ್ಲ, ನಿಂತೇ ಹೇಳಿದ. "ಸಾರ್, ಜೋರು ಕಡಿಮೆ ಮಾಡ್ಬೇಕು. ಇಲ್ಲದಿದ್ರೆ ನಾನು ಬಿಟ್ಟು ಹೋಗುದು."

ಅರಸ್ ಸಿಟ್ಟಾಗಲಿಲ್ಲ. "ಹೋಗಿ. ಕಂಪ್ಯೂಟರ್ ತಾನೇ ಆರಿಸಿಕೊಳ್ಳತ್ತೆ. ಹತ್ತರಲ್ಲಿ ಮೂರು ಸಲ ಅದು ತಪ್ಪು ಆರಿಸತ್ತೆ ಅಂತ ನಿಮಗೂ ಗೊತ್ತು. ಕಲ್ಲು ಹೊಡೆಯೋನಿಗೆ ಬೀಳೋ ಬದಲು ಹಿಂದೆ ನಿಂತ ಬಸುರಿ ಹೆಂಗಸಿಗೆ ಬೀಳತ್ತೆ. ಅದು ನಿಮಗೆ ಸಮ್ಮತವಾ?"

ಗ್ರೆಗರಿ ಕೂತ. ತಾನಿದ್ದರೆ ಅಮಾಯಕರು ಉಳಿಯುತ್ತಾರೆ ಎಂದುಕೊಂಡ. ಆ ವಾದವನ್ನು ಹಿಡಿದುಕೊಂಡು ಇನ್ನೂ ನಾಲ್ಕು ದಿನ ಕೆಲಸ ಮಾಡಿದ, ಇನ್ನೂ ಏಳು ಜನರನ್ನು ಕೆಡವಿದ. ಒಬ್ಬನ ಬಾಯಿಂದ ನೊರೆ ಬಂತು. ಇನ್ನೊಬ್ಬ ಬಿದ್ದ ರಭಸಕ್ಕೆ ತನ್ನ ನಾಲಗೆಯನ್ನೇ ಕಚ್ಚಿಕೊಂಡು ತುಂಡರಿಸಿಕೊಂಡ.

ಬುಧವಾರ ಹತ್ತು ಗಂಟೆಗೆ ಗೇಟಿನೆದುರು ಎರಡು ಸಾವಿರ ಜನ ಸೇರಿದ್ದರು. ಐಸ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಒಬ್ಬ ಮೈಕು ಹಿಡಿದು ನಿಂತಿದ್ದ. ಕ್ಯಾಮೆರಾ ಹತ್ತಿರ ಹೋದಾಗ ಗ್ರೆಗರಿ ಹೆಡ್‌ಫೋನ್ ಕೆಳಗಿಟ್ಟ. ಅದು ಯಶವಂತ ಸುವರ್ಣ. ಆ ಹದಿನೆಂಟು ವರ್ಷವೂ ಗ್ರೆಗರಿಯ ಬೆನ್ನ ಹಿಂದೆ ಡ್ರಮ್ ಬಾರಿಸಿದವನು. ಈಗ ಬೋಟಿನ ಕೆಲಸಗಾರರ ಸಂಘದ ಮುಂದಾಳು.

"ಇವನೇ ಬೇರು," ಎಂದ ಅರಸ್. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ ಸದ್ದು ಕೇಳಿಸಿತು. "ಇವನು ಮತ್ತೆ ಏಳಬಾರದು. ಆರಿಸಿ."

ನಾಲ್ಕು ಚೌಕಗಳು ಬಂದವು. ಗ್ರೆಗರಿ ಕೇಳಿದ. ಮೊದಲನೆಯದು ಸ್ಪಷ್ಟವಾಗಿತ್ತು, ಅದೇ ಸರಿಯಾದದ್ದೆಂದು ಮೊದಲ ಕ್ಷಣಕ್ಕೇ ತಿಳಿಯಿತು. ಉಳಿದವನ್ನೂ ಕೇಳಿದ. ಮೂರನೆಯದು ಮಬ್ಬು ಮಬ್ಬು, ಕಂಬಳಿ ಹೊದಿಸಿದ ಪೆಟ್ಟಿಗೆಯ ಹಾಗೆ. ಇದನ್ನು ಒತ್ತಿದರೆ ಸದ್ದು ಎಲ್ಲಿಯೂ ಕೂಡದೆ ಚದುರಿಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದ. ಯಂತ್ರ ಕೈಕೊಟ್ಟಿತು ಎಂದರಾಯಿತು.

ಮೂರನೆಯದನ್ನು ಒತ್ತಿದ.

ಯಶವಂತ ನಿಂತೇ ಇದ್ದ. ಅವನ ಎಡಕ್ಕೆ ಎರಡಾಳು ದೂರದಲ್ಲಿ, ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟಕ್ಕೆ ಒರಗಿ ಕೂತಿದ್ದ ಒಬ್ಬ ಹೆಂಗಸಿನ ತಲೆ ಹಿಂದಕ್ಕೆ ಚಿಮ್ಮಿತು. ತಲೆಬುರುಡೆ ಗೂಟಕ್ಕೆ ಬಡಿಯಿತು. ಅವಳ ಮೈ ಅದುರಿತು, ಮತ್ತೆ ಬಡಿಯಿತು, ಮತ್ತೂ ಒಮ್ಮೆ ಬಡಿಯಿತು. ಗೂಟದ ಮೇಲಿಂದ ರಕ್ತ ಇಳಿದು ಅವಳ ಬುಟ್ಟಿಯ ಬಂಗುಡೆ ಮೀನುಗಳ ಮೇಲೆ ಹರಿಯಿತು.

ಗ್ರೆಗರಿಗೆ ಆಗ ಅರ್ಥವಾಯಿತು. ರಸ್ತೆಯಲ್ಲಿ ಬೆಳಗ್ಗೆ ಒಂದು ಐಸ್ ಲಾರಿ ಜಾಗ ಬದಲಿಸಿತ್ತು. ಮೂರನೆಯದು ಯಶವಂತನಿದ್ದ ಜಾಗಕ್ಕೆ ಮಬ್ಬು, ಆ ಗೂಟದ ಜಾಗಕ್ಕೆ ಕರಾರುವಾಕ್ಕು. ಅವನು ಒಂದು ಜಾಗಕ್ಕೆ ಮಾತ್ರ ಕೇಳಿದ್ದ.

ಆ ಹೆಂಗಸನ್ನೂ ಅವನು ಬಲ್ಲ. ಜಲಜಕ್ಕ. ವಾರಕ್ಕೆ ಮೂರು ದಿನ ಅವರ ಬಾಗಿಲಿಗೆ ಬಂದು, "ಬಾಯಮ್ಮ, ಇವತ್ತು ಕಾಣೆ ಮೀನು ಉಂಟು, ತಾಜಾ" ಎಂದು ಕೂಗಿ ಸೆವ್ರಿನ್ ಜೊತೆ ಜಗಳವಾಡಿಕೊಂಡೇ ಮೀನು ಕೊಟ್ಟು ಹೋಗುವವಳು.

"ತಪ್ಪು ಆರಿಸಿದ್ರಿ," ಎಂದ ಅರಸ್. "ಮತ್ತೆ."

ಗ್ರೆಗರಿ ಹೆಡ್‌ಫೋನನ್ನು ಪರದೆಗೆ ಎಸೆದು ಎದ್ದ. ತಡೆಯಲು ಬಂದ ಅರಸನ ಮುಖಕ್ಕೆ ಮೊಣಕೈಯಿಂದ ತಿವಿದ. ಮೂಗಿನ ಎಲುಬು ಮುರಿದ ಸದ್ದು ಅವನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಬಾಗಿಲು ತೆರೆದು ಬಿಸಿಲಿಗೆ ಓಡಿದ.

ಗೇಟಿನ ಹತ್ತಿರ ಜನ ಜಲಜಕ್ಕನನ್ನು ತಗಡಿನ ಮೇಲೆ ಮಲಗಿಸಿ ಎತ್ತುತ್ತಿದ್ದರು. ಅವಳ ಮಗಳು ಪ್ರಮೀಳಾ ತಾಯಿಯ ತಲೆಯ ಹಿಂಭಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಬರುತ್ತಲೇ ಇತ್ತು. ಗ್ರೆಗರಿ ಅವಳೆದುರು ನಿಂತು ಏದುಸಿರು ಬಿಡುತ್ತ ಹೇಳಿದ.

"ನಾನು. ಅದನ್ನು ಒತ್ತಿದ್ದು ನಾನು. ಇಲ್ಲಿಂದ ಎಲ್ಲರೂ ಹೋಗಿ, ಅವ್ರು ಇನ್ನೊಮ್ಮೆ ಹೊಡಿತಾರೆ."

ಅವನ ಕೊರಳಿನಲ್ಲಿ ಶಾಂತಿಧ್ವನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಮೊದಲ ಏಟು ಬಿದ್ದದ್ದು ಮೀನಿನ ಕ್ರೇಟಿನ ಹಲಗೆಯಿಂದ, ಬೆನ್ನಿಗೆ. ಎರಡನೆಯದು ಬಾಯಿಗೆ. ಬಿದ್ದ ಮೇಲೆ ಕಾಲುಗಳು ಬಂದವು. ಹಮೀದನ ಅಣ್ಣ ಅವನ ಎದೆಯ ಮೇಲೆ ಮಂಡಿಯೂರಿ, ಎರಡೂ ಕಿವಿ ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದ. "ನನ್ನ ತಮ್ಮನಿಗೆ ಕೇಳುದಿಲ್ಲ, ಗೊತ್ತುಂಟಾ ನಿಂಗೆ? ಅವನ ಮಗು ಕೂಗಿದ್ರೆ ಅವನಿಗೆ ಕೇಳುದಿಲ್ಲ." ಗ್ರೆಗರಿ ಕೈ ಅಡ್ಡ ಹಿಡಿಯಲಿಲ್ಲ. ಪಕ್ಕೆಲುಬು ಎರಡು ಕಡೆ ಮುರಿಯಿತು.

ಯಶವಂತ ಜನರನ್ನು ದಬ್ಬಿಕೊಂಡು ಬಂದ. "ಬಿಡಿ. ಬಿಡಿ ಅಂದೆ. ಇವ ಸತ್ರೆ ಆ ಯಂತ್ರದ ವಿಷಯ ಹೇಳುವವ ಯಾರೂ ಇಲ್ಲ." ಬಗ್ಗಿ ಗ್ರೆಗರಿಯ ಕಂಕುಳಿಗೆ ಕೈ ಹಾಕಿ ಎತ್ತಿದ. "ಗ್ರೆಗ್ಗಿ, ಎಂತ ಮಾಡಿದೆ ನೀನು," ಎಂದ. ಗ್ರೆಗರಿ ಕೇಳಿದ ಕೊನೆಯ ಮನುಷ್ಯ ದನಿ ಅದು.

ಕಂಟೇನರಿನಲ್ಲಿ ಮುರಿದ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅರಸ್ ತಾನೇ ಒಂದು ಚೌಕ ಒತ್ತಿದ್ದ.

ಅದು ಸದ್ದಿನ ಹಾಗೆ ಬರಲಿಲ್ಲ. ಎದೆಯೊಳಗಿನ ಗಾಳಿಯನ್ನು ಯಾರೋ ಒಮ್ಮೆಗೇ ಹೊರಕ್ಕೆಳೆದ ಹಾಗಾಯಿತು. ಹಲ್ಲುಗಳು ಒಂದಕ್ಕೊಂದು ಬಡಿದುಕೊಂಡು ಒಂದು ಸೀಳಿತು. ಕಣ್ಣಿನೊಳಗೆ ಬಿಳಿ ತುಂಬಿತು. ಎರಡೂ ಕಿವಿಯೊಳಗೆ ಕಾದ ಕಂಬಿ ತೂರಿ ನಡುವಿನಲ್ಲಿ ಕೂಡಿದಂತಾಯಿತು. ಆ ನೋವಿನ ನಡುವೆಯೂ ಗ್ರೆಗರಿಯ ಮನಸ್ಸು ಇದು ಯಾವ ಐಆರ್ ಎಂದು ಹುಡುಕುತ್ತಿತ್ತು. ಆಮೇಲೆ ಏನೂ ಇರಲಿಲ್ಲ. ಯಶವಂತ ಅರ್ಧ ಮೊಳ ಆಚೆಗಿದ್ದುದರಿಂದ ಒಂದು ಕಿವಿ ಮಾತ್ರ ಹೋಯಿತು.

ಜಲಜಕ್ಕ ದಾರಿಯಲ್ಲೇ ತೀರಿಕೊಂಡಳು.

ಎಚ್ಚರಾದಾಗ ಸೆವ್ರಿನ್ ಹಾಸಿಗೆಯ ಪಕ್ಕದಲ್ಲಿದ್ದಳು, ನರ್ಸಿನ ಬಟ್ಟೆಯಲ್ಲೇ. ಅವಳ ತುಟಿ ಆಡುತ್ತಿತ್ತು. ಗ್ರೆಗರಿ ತಲೆಯಾಡಿಸಿದ. ಅವಳು ಒಂದು ಚಾರ್ಟಿನ ಹಾಳೆ ತಿರುಗಿಸಿ ಬರೆದಳು: "ಕಿವಿಯ ಒಳಗಿನ ನರವೇ ಹೋಗಿದೆ. ಬರುವುದಿಲ್ಲ."

ಅವನು ನೋಡಿದ. ಅವಳು ಮತ್ತೆ ಬರೆದಳು: "ಮೂರು ಜನರ ಕಿವಿಗೆ ನಾನು ಹತ್ತಿ ಇಟ್ಟ ದಿನ ನೀನು ನನ್ನ ಎದುರು ನಿಂತು ಸುಳ್ಳು ಹೇಳಿದೆ." ಪೆನ್ನು ಹಾಳೆಯನ್ನು ಹರಿದಿತ್ತು. ಅಷ್ಟು ಬರೆದವಳು ಹೊರಗೆ ಹೋಗಿ, ಬಿಸಿನೀರು ತಂದು, ಅವನ ಒಡೆದ ಬಾಯಿಯ ರಕ್ತವನ್ನು ಒರೆಸಿದಳು. ಮುಖ ನೋಡದೆ ಒರೆಸಿದಳು.

ಎರಡು ದಿನದ ಮೇಲೆ ಯಶವಂತ ಬಂದ, ಒಂದು ಕಿವಿಗೆ ಪಟ್ಟಿ ಕಟ್ಟಿಕೊಂಡು. ಫೋನಿನಲ್ಲಿ ಬರೆದು ತೋರಿಸಿದ: "ಸೋಮವಾರ ಬುಲ್ಡೋಜರ್ ತರ್ತಾರಂತೆ. ಅದನ್ನು ನಿಲ್ಲಿಸುದು ಹೇಗೆ?"

ಗ್ರೆಗರಿ ಹಾಳೆ ಕೇಳಿ ಪಡೆದು ಬರೆದ. ಸ್ಪೀಕರ್ ಪೆಟ್ಟಿಗೆ ಒಡೆಯಲು ಹೋಗಬೇಡಿ, ಕಂಬದ ಹತ್ತಿರ ಹೋಗುವ ಮೊದಲೇ ಬೀಳಿಸುತ್ತಾರೆ. ರಸ್ತೆಯನ್ನು ಬದಲಾಯಿಸಿ. ಅವರು ಅಳೆದಿಟ್ಟದ್ದು ಬೇಸಗೆಯ ಬರಿ ಗೋಡೆಗಳನ್ನು. ಗೋಡೆಗೆಲ್ಲ ಬಲೆ ಇಳಿಬಿಡಿ, ನಾಲ್ಕು ಮಡಿಕೆ, ನೀರಿನಲ್ಲಿ ನೆನೆಸಿ. ಟೆಂಪೋಗಳು ನಿಲ್ಲಬಾರದು, ಸುಮ್ಮನೆ ಅತ್ತಿತ್ತ ಓಡಾಡುತ್ತಿರಲಿ. ಐಸ್ ಪೆಟ್ಟಿಗೆಗಳನ್ನು ಐದೈದು ನಿಮಿಷಕ್ಕೆ ಜಾಗ ಬದಲಿಸಿ. ಗೋದಾಮಿನ ಬಾಗಿಲು ಒಮ್ಮೆ ತೆರೆಯಿರಿ, ಒಮ್ಮೆ ಮುಚ್ಚಿ. ಆಗ ನಾಲ್ಕೂ ಚೌಕ ತಪ್ಪಾಗುತ್ತವೆ, ಸದ್ದು ಎಲ್ಲಿಯೂ ಕೂಡುವುದಿಲ್ಲ.

ಯಶವಂತ ಓದಿ, "ಗ್ಯಾರಂಟಿಯಾ?" ಎಂದು ಬರೆದ.

"ಇಲ್ಲ," ಎಂದು ಬರೆದ ಗ್ರೆಗರಿ. "ನಾನು ಅಲ್ಲಿ ನಿಲ್ಲುತ್ತೇನೆ."

ಸೋಮವಾರ ಒಂಬತ್ತೂವರೆಗೆ ಧಕ್ಕೆ ರಸ್ತೆ ಗುರುತೇ ಸಿಗದ ಹಾಗಿತ್ತು. ಹಸಿರು, ನೀಲಿ ಬಲೆಗಳು ಎರಡೂ ಬದಿಯ ಗೋಡೆಗಳಿಂದ ನೀರು ಸುರಿಸುತ್ತ ಜೋತಾಡುತ್ತಿದ್ದವು. ಟೆಂಪೋಗಳು ಜನರ ನಡುವೆ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಚಲಿಸುತ್ತಿದ್ದವು. ಹೆಂಗಸರು ಐಸ್ ಪೆಟ್ಟಿಗೆಗಳನ್ನು ಎಳೆದೆಳೆದು ಸರಿಸುತ್ತಿದ್ದರು. ಗ್ರೆಗರಿ ಪಕ್ಕೆಗೆ ಪಟ್ಟಿ ಬಿಗಿದುಕೊಂಡು, ಬೀಳದ ಹಾಗೆ ಗೇಟಿನ ಸರಳು ಹಿಡಿದು, ಒಂದು ಐಸ್ ಪೆಟ್ಟಿಗೆಯ ಮೇಲೆ ನಿಂತಿದ್ದ. ಎಲ್ಲರಿಗಿಂತ ಎತ್ತರದಲ್ಲಿ, ಗುರಿ ಇಡುವವನಿಗೆ ಸುಲಭವಾಗಿ ಕಾಣುವ ಹಾಗೆ. ಕೆಳಗೆ ಪ್ರಮೀಳಾ ತಾಯಿಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಅವನತ್ತ ನೋಡಲಿಲ್ಲ.

ಬುಲ್ಡೋಜರ್ ತಿರುವಿನಲ್ಲಿ ಕಾಣಿಸಿತು. ಒಂದೆರಡು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ಗ್ರೆಗರಿಯ ಅಂಗಾಲಿಗೆ ಪೆಟ್ಟಿಗೆಯ ಹಲಗೆ ಅದುರಿದ್ದು ಗೊತ್ತಾಯಿತು. ಮುಖಗಳನ್ನು ನೋಡಿದ, ಕೇಳುವುದಕ್ಕೆ ಅವನಿಗೆ ಉಳಿದಿದ್ದ ದಾರಿ ಅದೊಂದೇ. ಜನ ಹುಬ್ಬು ಗಂಟಿಕ್ಕಿದರು, ಕೆಲವರು ಕಿವಿ ಮುಚ್ಚಿಕೊಂಡರು, ಒಬ್ಬ ಮುದುಕ ಉಗುಳಿದ. ಯಾರೂ ಬೀಳಲಿಲ್ಲ. ಹಲಗೆ ಮತ್ತೆ ಅದುರಿತು, ಇನ್ನೂ ಜೋರಾಗಿ. ಯಾರೂ ಬೀಳಲಿಲ್ಲ. ಹಮೀದನ ಅಣ್ಣ ಅವನ ಕಡೆ ತಿರುಗಿ ಏನೋ ಕೂಗಿದ. ಗ್ರೆಗರಿಗೆ ಅದು ಏನೆಂದು ಗೊತ್ತಾಗಲಿಲ್ಲ.

ಜನ ನುಗ್ಗಿದರು. ಕಂಬ ಹತ್ತಿ ಪೆಟ್ಟಿಗೆಗಳನ್ನು ಕಿತ್ತು ಎಸೆದರು. ಅವು ನೆಲಕ್ಕೆ ಬಿದ್ದು ಸಿಡಿಯುವುದನ್ನು ಗ್ರೆಗರಿ ಮೌನದಲ್ಲಿ ನೋಡಿದ. ಬುಲ್ಡೋಜರಿನವನು ಇಳಿದು ಓಡಿದ. ಕಂಟೇನರಿನ ಬಾಗಿಲನ್ನು ಲಂಗರಿನ ಕಬ್ಬಿಣದಿಂದ ಒಡೆದು ಅರಸನನ್ನು ಕಾಲು ಹಿಡಿದು ಹೊರಗೆಳೆದರು. ಪೊಲೀಸರು ಬಂದು ಬಿಡಿಸುವ ಹೊತ್ತಿಗೆ ಅವನ ಬಲಗೈಯ ಐದೂ ಬೆರಳು ಜಜ್ಜಿಹೋಗಿದ್ದವು. ಕಲ್ಲಿನ ಮೇಲಿಟ್ಟು ಒಂದೊಂದನ್ನೇ ಜಜ್ಜಿದ್ದರು. ಗ್ರೆಗರಿ ಅದನ್ನು ತಡೆಯಲು ಹೋಗಲಿಲ್ಲ. ಹೋಗಬೇಕಿತ್ತು ಎಂದು ಆಮೇಲೆ ಸೆವ್ರಿನ್‌ಗೆ ಬರೆದು ತೋರಿಸಿದ.

ವಿಚಾರಣೆ ನಡೆದದ್ದು ಮೂರು ತಿಂಗಳ ಮೇಲೆ, ತಾಲೂಕು ಕಚೇರಿಯ ಸಭಾಂಗಣದಲ್ಲಿ. ಹಿಂದಿನ ದಿನ ಶಾಂತಿಧ್ವನಿಯ ವಕೀಲ ಮನೆಗೆ ಬಂದಿದ್ದ. ಸಭ್ಯ ಮನುಷ್ಯ. ಆ ಯಂತ್ರದ ದಾಖಲೆಯ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟ. ಜಲಜಕ್ಕ ಸತ್ತ ದಿನದ ಸಾಲಿನಲ್ಲಿ 'ಆಯ್ಕೆ: ಕಂಪ್ಯೂಟರ್' ಎಂದಿತ್ತು. ಉಳಿದ ಹನ್ನೆರಡು ಜನರ ಸಾಲಿನಲ್ಲೂ ಅದೇ. ವಕೀಲ ಬರೆದು ತೋರಿಸಿದ: "ಯಂತ್ರದ ತಪ್ಪು ಅಂದರೆ ಅಪಘಾತ. ನೀವೂ ಉಳಿಯುತ್ತೀರಿ, ಅರಸ್ ಅವರೂ ಉಳಿಯುತ್ತಾರೆ. ಮನುಷ್ಯ ಆರಿಸಿದ ಅಂದರೆ ಕೊಲೆ. ನೀವು ಸುಮ್ಮನಿದ್ದರೆ ಸಾಕು. ನಿಮಗೆ ಹೇಗೂ ಕಿವಿ ಕೇಳುವುದಿಲ್ಲ."

ಸೆವ್ರಿನ್ ಅದನ್ನು ಓದಿ ಎದ್ದಳು. ವಕೀಲನಿಗೆ ಬಾಗಿಲು ತೆರೆದುಕೊಟ್ಟಳು.

ಸಭಾಂಗಣದಲ್ಲಿ ಅವಳು ಗ್ರೆಗರಿಯ ಪಕ್ಕ ಕೂತು ಪ್ರಶ್ನೆಗಳನ್ನು ಬರೆದು ತೋರಿಸುತ್ತಿದ್ದಳು. ಎದುರು ಸಾಲಿನಲ್ಲಿ ಅರಸ್, ಕೈಗೆ ಬಿಳಿ ಕಟ್ಟು. ಅವನ ಹಿಂದೆ ಪ್ರಮೀಳಾ, ಯಶವಂತ, ಗೋಡೆಗೆ ಒರಗಿ ಹಮೀದ್. ಅಧಿಕಾರಿ ದಾಖಲೆ ಎತ್ತಿ ತೋರಿಸಿ ಏನೋ ಕೇಳಿದ. ಸೆವ್ರಿನ್ ಬರೆದಳು: "ಇದರಲ್ಲಿ ಇರುವುದು ಸರಿಯೇ?"

ಬರೆದು, ಹಾಳೆಯನ್ನೂ ಪೆನ್ನನ್ನೂ ಅವನ ಕಡೆ ಸರಿಸಿ ಕೈ ಹಿಂದೆ ತೆಗೆದುಕೊಂಡಳು.

ಗ್ರೆಗರಿ ಪೆನ್ನು ಮುಟ್ಟಲಿಲ್ಲ. ಎದ್ದು ನಿಂತ. ತನ್ನ ದನಿ ಎಷ್ಟು ಜೋರಾಗಿದೆ ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ. ಆದರೆ ಅಂಗಳದಲ್ಲಿ ಕಾಯುತ್ತಿದ್ದವರೂ ಕಿಟಕಿಯತ್ತ ತಿರುಗಿದರಂತೆ, ಯಶವಂತ ಆಮೇಲೆ ಬರೆದು ತೋರಿಸಿದ.

"ಸರಿ ಅಲ್ಲ. ಹದಿಮೂರು ಜನರನ್ನೂ ಕೆಡವಿದ್ದು ನಾನು. ಪ್ರತಿ ಸಲ ನಾಲ್ಕು ಬರ್ತಿತ್ತು, ನಾಲ್ಕನ್ನೂ ಕೇಳಿ ಒಂದನ್ನು ಆರಿಸ್ತಿದ್ದೆ. ಜೋರು ಎಷ್ಟು ಅಂತ ತಿರುಗಿಸ್ತಿದ್ದದ್ದು ಅರಸ್. ಜಲಜಕ್ಕನ ದಿನ ಬಂದದ್ದೂ ನಾಲ್ಕು. ನಾನು ಮೂರನೆಯದನ್ನು ಒತ್ತಿದೆ."

ಹೇಳಿ ಮುಗಿಸಿ ಅವನು ಪ್ರಮೀಳಾಳ ಕಡೆ ನೋಡಿದ. ಅವಳು ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಕ್ಷಮೆ ಇರಲಿಲ್ಲ. ಅಧಿಕಾರಿ ಗುಮಾಸ್ತನಿಗೆ ಕೈಸನ್ನೆ ಮಾಡಿದ, ಗುಮಾಸ್ತ ಬರೆಯತೊಡಗಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದು ಒಬ್ಬ ಅರಸನ ಪಕ್ಕ, ಒಬ್ಬ ಗ್ರೆಗರಿಯ ಪಕ್ಕ ನಿಂತರು.